ಬೀಜಿಂಗ್ ಅರಮನೆ, ಸುಝೌ ತೋಟ, ಯಿಂಗ್‌ಷಿಯನ್ ಗೋಪುರ: ಯಾವುದನ್ನು ನೋಡಬೇಕು?
ಚೀನಾದ ಸಾಂಪ್ರದಾಯಿಕ ವಾಸ್ತುಶಿಲ್ಪವನ್ನು ಅರಿಯಲು ಒಂದೇ ಊರಿಗೆ ಹೋಗಬಹುದಾದರೆ, ಅದರ ಹಿಂದಿನ ಯಾವ ಚಿಂತನೆ ನಿಮ್ಮನ್ನು ಸೆಳೆಯುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. 1420ರಲ್ಲಿ ಪೂರ್ಣಗೊಂಡ ಬೀಜಿಂಗ್‌ನ ನಿಷೇಧಿತ ನಗರವೆಂಬ ಚಕ್ರವರ್ತಿಗಳ ಅರಮನೆಯಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಶ್ರೇಣಿಯ ಶಿಸ್ತಿದೆ. ಉತ್ತರ-ದಕ್ಷಿಣದ ನೇರ ಅಕ್ಷ, ಹಳದಿ ಹೆಂಚು, ಚಾವಣಿಯ ಅಂಚಿನ ಮೃಗಗಳ ಸಂಖ್ಯೆ ಎಲ್ಲವೂ ಅಂತಸ್ತನ್ನೇ ಸಾರುತ್ತವೆ. ಸುಝೌ ತೋಟಗಳು ಪ್ರಕೃತಿಯ ಸಹಜ ಗತಿಗೆ ಹೊಂದಿಕೊಳ್ಳುವ ದಾವೋ ಚಿಂತನೆಗೆ ಹತ್ತಿರವಾಗಿದ್ದು, ಅಲ್ಲಿ ನೇರ ದಾರಿಯೇ ಅಪರೂಪ. ಯಿಂಗ್‌ಷಿಯನ್‌ನಲ್ಲಿಯಾದರೋ, ಭಾರತದಿಂದ ಹೋದ ಬೌದ್ಧ ಸ್ತೂಪದ ಕಲ್ಪನೆಯು ಚೀನೀ ಬಡಗಿಗಳ ಕೈಯಲ್ಲಿ 67 ಮೀಟರ್ ಎತ್ತರದ ಮರದ ಗೋಪುರವಾಗಿ, ಬೋದಿಗೆಗಳ (ಕಂಬದ ಮೇಲೆ ಚಾವಣಿಯ ಭಾರ ಹೊರುವ ಮರದ ತುಂಡುಗಳ) ಹೆಣಿಗೆಯ ಬಲದಿಂದ 1056ರಿಂದಲೂ ಭೂಕಂಪಗಳನ್ನು ತಾಳಿಕೊಂಡು ನಿಂತಿದೆ. ನನಗಂತೂ ಇದಕ್ಕಿಂತ ಬೆರಗಿನ ಕಟ್ಟಡವಿಲ್ಲ.

ಶಾಂಘೈಗೆ ಬಂದವರಿಗೆ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಸುಝೌ ಸುಲಭ. ಮಕ್ಕಳೊಂದಿಗೆ ಹೋಗುವವರಿಗೆ ಬೀಜಿಂಗ್ ಅನುಕೂಲ. ಯಿಂಗ್‌ಷಿಯನ್‌ಗೆ ಹತ್ತಿರದ ದೊಡ್ಡ ನಗರವಾದ ದಾತೊಂಗ್‌ನಿಂದಾಚೆಯ ರಸ್ತೆ ಪ್ರಯಾಣಕ್ಕೆ ಸಿದ್ಧರಿರುವ, ಮರದ ರಚನೆಯನ್ನೇ ಕಲಿಯಬಯಸುವವರು ಯಿಂಗ್‌ಷಿಯನ್ನನ್ನು ಆರಿಸಿಕೊಳ್ಳಲಿ.