ಕ್ರಿಸ್‌ಮಸ್ ಮರಗಳ ತೋಟದಲ್ಲಿ ಕುಟುಂಬದ ಚಿತ್ರ: ಕೆಂಪು ಟ್ರಕ್ಕಿಗಿಂತ ಮರದ ಸಾಲೇ ಮೇಲು

ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರಗಳನ್ನು ಬೆಳೆಯುವ ರಾಜ್ಯ ಒರೆಗಾನ್. ಅಲ್ಲಿನ ಪೋರ್ಟ್‌ಲ್ಯಾಂಡ್ ನಗರದಿಂದ ದಕ್ಷಿಣಕ್ಕೆ ಹೊರಟು ವಿಲಮೆಟ್ ಕಣಿವೆಯನ್ನು ಹೊಕ್ಕರೆ ರಸ್ತೆಯ ಇಕ್ಕೆಲಗಳಲ್ಲೂ ಇಂತಹ ತೋಟಗಳು ಕಾಣಸಿಗುತ್ತವೆ. ಈ ತೋಟಗಳಲ್ಲಿ ಮರದ ವ್ಯಾಪಾರ ಬಿರುಸಾಗುವುದು ನವೆಂಬರ್ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದಿಂದಾದರೂ ಅದಕ್ಕೆ ಕೆಲವು ವಾರಗಳ ಮೊದಲೇ ಇನ್ನೊಂದು ವ್ಯವಹಾರ ಆರಂಭವಾಗಿರುತ್ತದೆ. ವೃತ್ತಿಪರ ಛಾಯಾಗ್ರಾಹಕರು ತೋಟದ ಮಾಲೀಕರಿಗೆ ಶುಲ್ಕ ಕಟ್ಟಿ ಜಾಗ ಪಡೆದುಕೊಂಡು, ಒಂದೊಂದು ಕುಟುಂಬಕ್ಕೆ ಇಪ್ಪತ್ತು ನಿಮಿಷದಂತೆ ಸಮಯ ಹಂಚಿ, ಹಬ್ಬದ ಶುಭಾಶಯ ಪತ್ರಕ್ಕೆ ಬೇಕಾದ ಚಿತ್ರಗಳನ್ನು ತೆಗೆದುಕೊಡುತ್ತಾರೆ. ಮಿನಿ ಸೆಷನ್ ಎಂದು ಕರೆಯಲಾಗುವ ಈ ಸೇವೆಯನ್ನು ಕಳೆದ ನವೆಂಬರಿನಲ್ಲಿ ನಾವೂ ಪಡೆದೆವು. ನಾವಿಬ್ಬರು, ಇಬ್ಬರು ಮಕ್ಕಳು, ಊರಿನಿಂದ ಬಂದಿದ್ದ ಅತ್ತೆ ಮತ್ತು ಮಾವ ಸೇರಿ ಆರು ಜನರಿದ್ದೆವು. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಆದರೆ ಜಾಹೀರಾತಿನಲ್ಲಿ ಯಾವುದನ್ನು ಮುಂದೆ ಮಾಡಿ ತೋರಿಸಿದ್ದರೋ ಅದರಿಂದ ನಮಗೆ ಒಳ್ಳೆಯ ಚಿತ್ರಗಳು ಸಿಗಲಿಲ್ಲ.

ಜಾಹೀರಾತಿನಲ್ಲಿದ್ದದ್ದು ಒಂದು ಹಳೆಯ ಕೆಂಪು ಪಿಕಪ್ ಟ್ರಕ್ಕು. ಅದರ ಹಿಂಭಾಗದಲ್ಲಿ ಕಡಿದ ಮರವೊಂದನ್ನು ಮಲಗಿಸಿ, ಚೌಕುಳಿಯ ಕಂಬಳಿ ಹಾಸಿ, ಸುತ್ತ ಮರದ ಪೆಟ್ಟಿಗೆಗಳನ್ನೂ ಲಾಂದ್ರಗಳನ್ನೂ ಜೋಡಿಸಿಟ್ಟಿದ್ದರು. ನೋಡಲು ಚೆನ್ನಾಗಿಯೇ ಇದೆ. ತೊಂದರೆ ಏನೆಂದರೆ, ಆ ದಿನ ಅಲ್ಲಿಗೆ ಬಂದ ಪ್ರತಿಯೊಂದು ಕುಟುಂಬವೂ ಅದೇ ಕಂಬಳಿಯ ಮೇಲೆ ಅದೇ ಭಂಗಿಯಲ್ಲಿ ಕುಳಿತು ಏಳುತ್ತದೆ. ಮೊಣಕಾಲು ನೋವಿರುವ ಅತ್ತೆಯವರಿಗೆ ಟ್ರಕ್ಕಿನ ಹಿಂಬಾಗಿಲ ಎತ್ತರಕ್ಕೆ ಏರುವುದೇ ಕಷ್ಟವಾಯಿತು. ಏರಿ ಕುಳಿತ ಮೇಲೆ ಅವರ ಕುಂಕುಮ ಬಣ್ಣದ ಸೀರೆ ಟ್ರಕ್ಕಿನ ಕೆಂಪಿನಲ್ಲಿ ಕಲಸಿಹೋಯಿತು. ಇಪ್ಪತ್ತು ನಿಮಿಷದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವನ್ನು ಈ ಟ್ರಕ್ಕು ನುಂಗಿತು. "ನಗಬೇಕು ಅಂತ ಹೇಳಿ ಹೇಳಿ ನಗಿಸಿದರೆ ಎಲ್ಲಿಂದ ಬರುತ್ತಮ್ಮ ನಗು?" ಎಂದು ಅತ್ತೆಯವರು ನನ್ನನ್ನು ಕೇಳಿದ್ದರಲ್ಲಿ ನ್ಯಾಯವಿತ್ತು.

ಅಲ್ಲಿಂದ ಇಳಿದು ಮರಗಳ ಸಾಲಿನೊಳಗೆ ನಡೆದಾಗಲೇ ಛಾಯಾಗ್ರಾಹಕಿಯ ನಿಜವಾದ ಕೈಚಳಕ ಕಂಡದ್ದು. ಕ್ರಿಸ್‌ಮಸ್ ಮರಗಳನ್ನು ಸಾಮಾನ್ಯವಾಗಿ ಐದಾರು ಅಡಿ ಅಂತರದಲ್ಲಿ ನೆಡುತ್ತಾರೆ. ಆರೇಳು ಅಡಿ ಎತ್ತರಕ್ಕೆ ಬರಲು ಅವು ಏಳರಿಂದ ಹತ್ತು ವರ್ಷ ತೆಗೆದುಕೊಳ್ಳುತ್ತವೆ, ಮತ್ತು ಆ ಅವಧಿಯಲ್ಲಿ ವರ್ಷವರ್ಷವೂ ಬೇಸಿಗೆಯಲ್ಲಿ ಉದ್ದನೆಯ ಕತ್ತಿಯಿಂದ ಸವರಿ ಅವುಗಳಿಗೆ ಗೋಪುರದ ಆಕಾರ ಕೊಡುತ್ತಾರೆ. ಮಾರಾಟಕ್ಕೆ ಸಿದ್ಧವಾದ ಮರಗಳ ನಡುವೆ ಬುಡದಲ್ಲಿ ಉಳಿಯುವ ದಾರಿ ಬಹಳ ಕಿರಿದು. ಆರು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲಲು ಸಾಧ್ಯವೇ ಇಲ್ಲ. ಆದ್ದರಿಂದ ಆಕೆ ಅತ್ತೆ ಮಾವಂದಿರನ್ನು ಮುಂದೆ ನಡೆಯಲು ಹೇಳಿ, ಮಕ್ಕಳನ್ನು ಅವರ ಕೈಗೆ ಕೊಟ್ಟು, ನಮ್ಮಿಬ್ಬರನ್ನು ಒಂದು ಹೆಜ್ಜೆ ಹಿಂದೆ ಇರಿಸಿದರು. ಹೀಗೆ ಹಿಂದೆ ಮುಂದೆ ನಿಂತ ಗುಂಪಿನಲ್ಲಿ ಎಲ್ಲರ ಮುಖವೂ ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವಾದ ಅಪರ್ಚರನ್ನು ತೀರಾ ಅಗಲಿಸುವಂತಿಲ್ಲ. ಹಿನ್ನೆಲೆಯನ್ನು ಪೂರ್ತಿ ಮಸುಕಾಗಿಸುವ ಆಸೆಗೆ ಬೀಳದೆ ಆಕೆ ಆ ರಂಧ್ರವನ್ನು ಎಫ್ 5.6 ಎಂಬ ಮಧ್ಯಮ ಅಳತೆಗೆ ಇಟ್ಟುಕೊಂಡು, ಉದ್ದನೆಯ ಲೆನ್ಸ್ ಹಾಕಿ ದೂರದಿಂದ ತೆಗೆದರು. ದೂರದಿಂದ ತೆಗೆದದ್ದರಿಂದ ಹಿಂದಿನ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡಂತೆ ದಟ್ಟವಾಗಿ ಕಂಡವು. ಕ್ಯಾಮೆರಾ ಹತ್ತಿರ ಇಲ್ಲದ್ದರಿಂದ ಮಾವನವರೂ ಅದನ್ನು ಮರೆತು ಮೊಮ್ಮಗನಿಗೆ ಮರ ತೋರಿಸುವುದರಲ್ಲಿ ತೊಡಗಿದರು. ನಮ್ಮ ಮನೆಯ ಗೋಡೆಗೆ ಏರಿರುವುದು ಆ ಚಿತ್ರವೇ.

ಮರದ ಜಾತಿಯೂ ಚಿತ್ರದಲ್ಲಿ ಎದ್ದು ಕಾಣುತ್ತದೆ. ನೋಬಲ್ ಫರ್ ಮರದ ಕೊಂಬೆಗಳು ಗಟ್ಟಿಯಾಗಿ, ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತವೆ. ಅದರ ಹಸಿರಿನಲ್ಲಿ ಬೆಳ್ಳಿಯ ಛಾಯೆ ಬೆರೆತಿರುವುದರಿಂದ ರೇಷ್ಮೆ ಸೀರೆಯ ಗಾಢ ಬಣ್ಣಗಳು ಅದರ ಮುಂದೆ ಬಹಳ ಚೆನ್ನಾಗಿ ಕಾಣುತ್ತವೆ. ಒರೆಗಾನಿನ ರಾಜ್ಯವೃಕ್ಷವಾದ ಡಗ್ಲಸ್ ಫರ್ ಹೆಸರಿಗೆ ಫರ್ ಆದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಫರ್ ಅಲ್ಲ. ಅದರ ಸೂಜಿ ಎಲೆಗಳು ಮೃದುವಾಗಿ, ಒತ್ತೊತ್ತಾಗಿ ಇರುವುದರಿಂದ ಮಕ್ಕಳು ಅದಕ್ಕೆ ಮೈತಾಗಿಸಿ ಅವಿತುಕೊಂಡರೂ ಚುಚ್ಚುವುದಿಲ್ಲ. ಮಗಳು ಹಾಗೆ ಅವಿತು ಇಣುಕಿದ ಕ್ಷಣವನ್ನು ಆಕೆ ಬಿಡದೆ ಹಿಡಿದರು.

ಬಣ್ಣದ ವಿಷಯದಲ್ಲಿ ಮಾತ್ರ ನನಗೆ ದೂರಿದೆ. ಸುತ್ತಲೂ ಗಾಢ ಹಸಿರು ತುಂಬಿರುವಾಗ ಕ್ಯಾಮೆರಾ ದೃಶ್ಯವನ್ನು ಕತ್ತಲೆಂದು ಭಾವಿಸಿ ಬೆಳಕನ್ನು ಹೆಚ್ಚಿಸಿಬಿಡುತ್ತದೆ, ಆಗ ಮುಖಗಳು ಬಿಳಿಚಿಕೊಳ್ಳುತ್ತವೆ. ಜೊತೆಗೆ ಎಲೆಗಳಿಂದ ಚಿಮ್ಮಿದ ಬೆಳಕು ಗಲ್ಲದ ಕೆಳಗೆ ಹಸಿರಾಗಿ ಕೂರುತ್ತದೆ. ಇವೆರಡನ್ನೂ ಛಾಯಾಗ್ರಾಹಕಿ ಸ್ಥಳದಲ್ಲೇ ನಿಭಾಯಿಸಿದ್ದರು. ಆದರೆ ಚಿತ್ರಗಳನ್ನು ತಿದ್ದುವಾಗ, ಈಗ ಎಲ್ಲೆಡೆ ಚಾಲ್ತಿಯಲ್ಲಿರುವ ಸಿದ್ಧ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಬಣ್ಣದ ತಿದ್ದುಪಡಿ) ಒಂದನ್ನು ಎಲ್ಲದಕ್ಕೂ ಒಂದೇ ಸಮನೆ ಹಾಕಿದ್ದರು. ಹಸಿರನ್ನು ಮಂಕಾಗಿಸಿ, ಕಿತ್ತಳೆ ಬಣ್ಣವನ್ನು ಬೆಚ್ಚಗೆ ಎತ್ತಿಹಿಡಿಯುವ ಈ ವಿಧಾನ ತೀರಾ ಬಿಳಿಯ ಚರ್ಮಕ್ಕೆ ಒಪ್ಪಬಹುದು; ನಮ್ಮಂತಹ ಕಂದು ಮೈಬಣ್ಣದವರು ಅದರಲ್ಲಿ ಅರಿಶಿನ ಹಚ್ಚಿಕೊಂಡು ಎಣ್ಣೆಸ್ನಾನಕ್ಕೆ ಹೊರಟವರಂತೆ ಕಾಣುತ್ತಾರೆ. ಮರಗಳು ಕೂಡ ಒಣಗಿದಂತೆ ಕಂಡವು. ಮೈಬಣ್ಣ ಇದ್ದಂತೆಯೇ ಇರಲಿ, ಮರದ ಹಸಿರು ಹಸಿರಾಗಿಯೇ ಇರಲಿ ಎಂದು ಮಿಂಚಂಚೆ ಬರೆದಾಗ ಆಕೆ ಯಾವ ತಕರಾರೂ ಇಲ್ಲದೆ, ಹೆಚ್ಚುವರಿ ಹಣವನ್ನೂ ಕೇಳದೆ ತಿದ್ದಿಕೊಟ್ಟರು. ಅದು ಮೆಚ್ಚಬೇಕಾದ ನಡವಳಿಕೆ. ಆದರೂ ಭಾರತೀಯ ಕುಟುಂಬಗಳು ಹಣ ಕಟ್ಟುವ ಮೊದಲು, ಕಂದು ಮೈಬಣ್ಣದವರ ಚಿತ್ರಗಳನ್ನು ತೋರಿಸಿ ಎಂದು ಛಾಯಾಗ್ರಾಹಕರನ್ನು ಕೇಳುವುದು ಒಳ್ಳೆಯದು.

ಇಪ್ಪತ್ತು ನಿಮಿಷಕ್ಕೂ ಹನ್ನೆರಡು ಚಿತ್ರಗಳಿಗೂ ಸೇರಿ 225 ಡಾಲರ್ ಕೊಟ್ಟೆವು. ಹನ್ನೆರಡನ್ನು ಮೀರಿದ ಪ್ರತಿ ಚಿತ್ರಕ್ಕೂ ಬೇರೆ ದರವಿದೆ, ಮತ್ತು ಆನ್‌ಲೈನ್ ಗ್ಯಾಲರಿಯಲ್ಲಿ ಉಳಿದ ಚಿತ್ರಗಳನ್ನು ನೀರುಗುರುತು (ವಾಟರ್‌ಮಾರ್ಕ್) ಹಾಕಿ ಆಸೆ ಹುಟ್ಟಿಸುವಂತೆಯೇ ಇಟ್ಟಿರುತ್ತಾರೆ. ಅಮೆರಿಕದಲ್ಲಿ ಇಂತಹ ಚಿತ್ರಗಳ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತೆಗೆದವರಲ್ಲೇ ಉಳಿಯುತ್ತದೆ. ನಮಗೆ ಸಿಕ್ಕಿದ್ದು ಸ್ವಂತ ಬಳಕೆಗೆ ಮುದ್ರಿಸಿಕೊಳ್ಳುವ ಲಿಖಿತ ಅನುಮತಿ. ಶುಭಾಶಯ ಪತ್ರದ ರೂಢಿಯ ಅಳತೆ 5 ಮತ್ತು 7 ಇಂಚು. ಕ್ಯಾಮೆರಾದ ಚೌಕಟ್ಟು ಅದಕ್ಕಿಂತ ಉದ್ದವಾಗಿರುವುದರಿಂದ ಅಂಚಿನಲ್ಲಿ ನಿಂತವರ ತೋಳು ಕತ್ತರಿಸಿಹೋಗುವ ಸಾಧ್ಯತೆಯುಂಟು. ಪತ್ರಕ್ಕಾಗಿ ತೆಗೆಯುವ ಚಿತ್ರದಲ್ಲಿ ಎರಡೂ ಬದಿ ಜಾಗ ಬಿಡಿ ಎಂದು ಮೊದಲೇ ತಿಳಿಸಿದ್ದು ಉಪಯೋಗಕ್ಕೆ ಬಂತು.

ತೋಟದ ವ್ಯವಸ್ಥೆ ಸಾಧಾರಣ. ವಾಹನ ನಿಲ್ಲಿಸಲು ಧಾರಾಳ ಜಾಗವಿತ್ತು, ಬಟ್ಟೆ ಬದಲಿಸಲು ಕೋಣೆಯಿರಲಿಲ್ಲ. ನವೆಂಬರ್ ಆ ಕಣಿವೆಯಲ್ಲಿ ಮಳೆಗಾಲ; ಸಾಲುಗಳ ನಡುವೆ ಕೆಸರು ತಪ್ಪದು, ತುಂತುರು ಮಳೆಗೆಲ್ಲ ದಿನ ಬದಲಿಸಿಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆದಿರುತ್ತದೆ. ಮೋಡದ ಬೆಳಕು ಮುಖಗಳಿಗೆ ಒಳ್ಳೆಯದೇ ಆದ್ದರಿಂದ ಆ ನಿಯಮದ ಬಗ್ಗೆ ನನಗೆ ಬೇಸರವಿಲ್ಲ. ಸೀರೆ ಉಡುವವರು ನೆರಿಗೆಯನ್ನು ತುಸು ಮೇಲೆ ಕಟ್ಟಿ, ಒಳಗೆ ಬೂಟು ಹಾಕಿಕೊಳ್ಳುವುದು ಕ್ಷೇಮ. ಚಿತ್ರದಲ್ಲಿ ಬೂಟು ಕಾಣದಂತೆ ತೆಗೆಯಲು ಛಾಯಾಗ್ರಾಹಕರಿಗೆ ಗೊತ್ತಿರುತ್ತದೆ. ಕೆಸರಿಗಿಂತ ಹೆಚ್ಚು ಕಾಡುವುದು ಮರದ ಅಂಟು. ಕೊಂಬೆಗೆ ಸೆರಗು ತಾಗಿದರೆ ಅಂಟಿಕೊಳ್ಳುವ ಆ ರಾಳ ನೀರಿಗೆ ಹೋಗುವುದಿಲ್ಲ. ಹತ್ತಿ ಬಟ್ಟೆಯಾದರೆ ಸ್ಪಿರಿಟ್ ಸವರಿ ತೆಗೆಯಬಹುದು, ರೇಷ್ಮೆಯಾದರೆ ಡ್ರೈಕ್ಲೀನಿಂಗಿಗೇ ಕೊಡಬೇಕು.

ಸಮಯ ಕಾದಿರಿಸುವಾಗ ಗಡಿಯಾರದ ಕಡೆ ಗಮನವಿರಲಿ. ನವೆಂಬರ್ ಮೊದಲ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕಿಡುವುದರಿಂದ, ಎರಡನೆಯ ವಾರದ ಹೊತ್ತಿಗೆ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಸಂಜೆ 4:45ರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಎತ್ತರದ ಮರಗಳ ನಡುವೆ ಬೆಳಕು ಅದಕ್ಕೂ ಬೇಗ ಸೋರಿಹೋಗುತ್ತದೆ. ಮೂರೂವರೆಯಿಂದ ನಾಲ್ಕರ ನಡುವಿನ ಸಮಯ ಸಿಕ್ಕರೆ ಉತ್ತಮ. ನಾಲ್ಕೂವರೆಯ ಸರದಿಯನ್ನು ಕಡಿಮೆ ದರಕ್ಕೆ ಕೊಟ್ಟರೂ ಬೇಡವೆನ್ನಬೇಕು. ಥ್ಯಾಂಕ್ಸ್‌ಗಿವಿಂಗ್ ಕಳೆದ ವಾರಾಂತ್ಯಗಳಲ್ಲಿ ಗರಗಸ ಹಿಡಿದು ಮರ ಕಡಿಯಲು ಬಂದವರಿಂದ ಸಾಲುಗಳೆಲ್ಲ ತುಂಬಿಹೋಗುವುದರಿಂದ ಅದಕ್ಕೆ ಮೊದಲಿನ ವಾರದ ದಿನವೊಂದನ್ನೇ ಆರಿಸಿಕೊಳ್ಳುವುದು ಒಳಿತು. ಈ ವರ್ಷಕ್ಕೂ ನಾವು ಅದೇ ಛಾಯಾಗ್ರಾಹಕಿಯಲ್ಲಿ ಸಮಯ ಕಾದಿರಿಸಿದ್ದೇವೆ. ಟ್ರಕ್ಕು ಬೇಡ, ಇಪ್ಪತ್ತು ನಿಮಿಷವನ್ನೂ ಸಾಲುಗಳಲ್ಲೇ ಕಳೆಯೋಣ ಎಂದು ಬರೆದದ್ದಕ್ಕೆ ಆಕೆ ಒಪ್ಪಿದ್ದಾರೆ.