ಎಕ್ಸ್‌ರೇ, ಅಲ್ಟ್ರಾಸೋನಿಕ್, ಸಿ.ಟಿ.: ಎರಡು ಬಿಡಿಭಾಗಗಳ ಮೇಲೆ ಮಾಡಿ ನೋಡಿದ ಹೋಲಿಕೆ

ಪೀಣ್ಯದ ನಮ್ಮ ಯಂತ್ರಶಾಲೆಯಲ್ಲಿ ಮೇಲ್ನೋಟಕ್ಕೆ ಯಾವ ಕುಂದೂ ಕಾಣದ ಎರಡು ಭಾಗಗಳು ಒಂದೇ ವಾರದಲ್ಲಿ ಅನುಮಾನಕ್ಕೆ ಗುರಿಯಾದವು. ಒಂದು ಅಲ್ಯೂಮಿನಿಯಂ ಎರಕದ ಪಂಪ್ ಹೌಸಿಂಗ್, ಇನ್ನೊಂದು 40 ಮಿ.ಮೀ. ದಪ್ಪದ ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ) ಉಕ್ಕಿನ ಫ್ಲ್ಯಾಂಜ್, ಅಂದರೆ ಬೋಲ್ಟ್ ಹಾಕಿ ಕೊಳವೆ ಜೋಡಿಸುವ ಬಳೆ.

ಹೌಸಿಂಗ್‌ನ ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟಾಗ ಬೋಲ್ಟ್ ರಂಧ್ರದ ಪಕ್ಕದಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಂಡವು. ಬ್ಲೋಹೋಲ್ (ಎರಕದೊಳಗೆ ಅನಿಲ ಸಿಕ್ಕಿ ಉಳಿದ ಗುಳ್ಳೆ) ಇರುವಲ್ಲಿ ಲೋಹ ಕಡಿಮೆಯಾದ್ದರಿಂದ ಹೆಚ್ಚು ಕಿರಣ ಹಾದುಬಂದು ಫಿಲ್ಮ್ ಕಪ್ಪಾಗುತ್ತದೆ. ಫ್ಲ್ಯಾಂಜಿಗೆ ಇರಿಡಿಯಂ-192 ಎಂಬ ವಿಕಿರಣ ಮೂಲದಿಂದ ತೆಗೆಸಿದ ಗಾಮಾ ಚಿತ್ರದಲ್ಲಿ ಮಾತ್ರ ಒಂದು ಕಲೆಯೂ ಇರಲಿಲ್ಲ. ಅದನ್ನು ನೋಡಿ ನೆಮ್ಮದಿಪಟ್ಟದ್ದು ನನ್ನ ಅವಸರ.

ಅದೇ ಫ್ಲ್ಯಾಂಜಿಗೆ ಗ್ರೀಸ್ ಹಚ್ಚಿ ಶಬ್ದತರಂಗ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ 4 ಮೆಗಾಹರ್ಟ್ಸ್ ಅಲ್ಟ್ರಾಸೋನಿಕ್ ಪ್ರೋಬ್ ಸರಿಸುತ್ತಾ ಹೋದಾಗ, ಪರದೆಯಲ್ಲಿ ಒಂದು ಕಡೆ ಹಿಂಬದಿಯ ಪ್ರತಿಧ್ವನಿ ಕುಗ್ಗಿ, 22 ಮಿ.ಮೀ. ಆಳದಲ್ಲಿ ಚೂಪಾದ ಇನ್ನೊಂದು ಶಿಖರ ಎದ್ದಿತು. ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ತೆಳು ಬಿರುಕು ಕಿರಣದ ಹಾದಿಯಲ್ಲಿ ಲೋಹದ ದಪ್ಪವನ್ನು ಬದಲಿಸುವುದೇ ಇಲ್ಲವೆಂದೇ ಹೇಳಬೇಕು, ಆದರೆ ಅಡ್ಡ ಬರುವ ಶಬ್ದತರಂಗವನ್ನು ಗೋಡೆಯಂತೆ ಹಿಂದಕ್ಕೆ ಕಳಿಸುತ್ತದೆ.

ಎರಕದ ಮೇಲೆ ಅಲ್ಟ್ರಾಸೋನಿಕ್ ನನಗೆ ಒಗ್ಗಲಿಲ್ಲ. ಒರಟು, ಬಾಗಿದ ಮೇಲ್ಮೈಯಲ್ಲಿ ಪ್ರೋಬ್ ಕೂರದೆ ಪರದೆಯ ತುಂಬ ಹುಲ್ಲಿನಂಥ ಗದ್ದಲವೇ ಆಯಿತು. ಸಾಲದ್ದಕ್ಕೆ ಉಪಕರಣದಲ್ಲಿದ್ದ, ಉಕ್ಕಿನಲ್ಲಿ ಶಬ್ದದ ವೇಗವಾದ ಸೆಕೆಂಡಿಗೆ ಸುಮಾರು 5,900 ಮೀಟರನ್ನು ಅಲ್ಯೂಮಿನಿಯಂಗೆ ಬೇಕಾದ 6,300ಕ್ಕೆ ಬದಲಿಸಲು ಮರೆತಿದ್ದೆ, 30 ಮಿ.ಮೀ. ಗೋಡೆ 28 ಎಂದು ತೋರಿಸಿದಾಗಲೇ ತಪ್ಪು ಗೊತ್ತಾದದ್ದು.

ಫಿಲ್ಮ್ ನೆರಳಷ್ಟೇ ಆದ್ದರಿಂದ ಬ್ಲೋಹೋಲ್‌ಗಳ ಆಳ ತಿಳಿಯಲಿಲ್ಲ. ಗ್ಯಾಸ್ಕೆಟ್ ಕೂರುವ ಮುಖದಿಂದ ಇನ್ನೂ 2 ಮಿ.ಮೀ. ತೆಗೆಯಬೇಕಿತ್ತು, ಹಾಗೆ ತೆಗೆದರೆ ತೂತು ಬಾಯಿ ಬಿಡುತ್ತದೋ ಎಂಬುದೇ ನಮ್ಮ ಪ್ರಶ್ನೆ. ಸುತ್ತಲಿಂದ ತೆಗೆದ ನೂರಾರು ಎಕ್ಸ್‌ರೇಗಳನ್ನು ಜೋಡಿಸುವ ಸಿ.ಟಿ., ಅತಿ ಹತ್ತಿರದ ಗುಳ್ಳೆಯೂ 5 ಮಿ.ಮೀ. ಒಳಗಿದೆ ಎಂದು ತೋರಿಸಿತು. ಶುಲ್ಕ ಫಿಲ್ಮಿಗಿಂತ ಹಲವು ಪಟ್ಟು. ಪ್ರತಿ ತುಣುಕಿಗೂ ಇದನ್ನು ಮಾಡಿಸುವುದು ನಮ್ಮಂಥವರಿಗೆ ಆಗದ ಮಾತು.

ಎರಕಕ್ಕೆ ಎಕ್ಸ್‌ರೇ, ಆಳದ ತಕರಾರು ಬಂದ ಒಂದೆರಡಕ್ಕೆ ಮಾತ್ರ ಸಿ.ಟಿ., ಫೋರ್ಜಿಂಗಿಗೆ ಅಲ್ಟ್ರಾಸೋನಿಕ್ ಎಂದು ನಾನು ನಿಗದಿ ಮಾಡಿದ್ದೇನೆ. ಗಾಮಾ ಮೂಲಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರೇ ಬರಬೇಕು, ಆವರಣವನ್ನೂ ಖಾಲಿ ಮಾಡಬೇಕು. ಪ್ರೋಬ್ ಆದರೆ ಪಕ್ಕದಲ್ಲಿ ಲೇತ್ ಓಡುತ್ತಿರುವಾಗಲೇ ಕೆಲಸ ಮುಗಿಸುತ್ತದೆ.

ಫ್ಲ್ಯಾಂಜನ್ನು ಕೊನೆಗೆ ಗರಗಸದಲ್ಲಿ ಕೊಯ್ದು, ಉಜ್ಜಿ, ಬಿರುಕಿಗೆ ಇಳಿಯುವ ಕೆಂಪು ಡೈ ಹಚ್ಚಿ ಒರೆಸಿ, ಅದನ್ನು ಹೊರಗೆಳೆಯುವ ಡೆವಲಪರ್ ಸಿಂಪಡಿಸಿದಾಗ, 22 ಮಿ.ಮೀ. ಒಳಗೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡಿತು.