ರಾಗಿ ಕೊಯ್ಯೋದಾ, ಬೇಡ್ವಾ? ಆ್ಯಪ್, ಸಹಾಯವಾಣಿ, ವಾಟ್ಸಾಪ್, ಮತ್ತೆ ನಮ್ಮಪ್ಪ

ನಮ್ಮದು ಮಧುಗಿರಿ ತಾಲೂಕಿನಲ್ಲಿ ನಾಲ್ಕು ಎಕರೆ ಖುಷ್ಕಿ. ಎರಡೂವರೆ ಎಕರೆ ರಾಗಿ, ಉಳಿದದ್ದು ಕಡಲೆಕಾಯಿ. ಹೋದ ವರ್ಷ ಬಿತ್ತನೆಯಿಂದ ಮೆದೆ ಹಾಕುವವರೆಗೂ ಒಂದು ಪರೀಕ್ಷೆ ಮಾಡಿದೆ. ಮಳೆ, ರೋಗ, ರೇಟು, ಈ ಮೂರಕ್ಕೆ ಯಾರನ್ನು ಕೇಳಿದರೆ ಕೆಲಸಕ್ಕೆ ಬರುತ್ತೆ ಅಂತ. ಮೇಘದೂತ್ ಆ್ಯಪ್ ಹಾಕಿಕೊಂಡೆ. ವರುಣಮಿತ್ರ ಮತ್ತು ಕಿಸಾನ್ ಕಾಲ್ ಸೆಂಟರ್ ನಂಬರ್ ಸೇವ್ ಮಾಡಿಕೊಂಡೆ. ಎಲೆಯ ಫೋಟೋ ನೋಡಿ ರೋಗ ಹೇಳುವ ಒಂದು ಆ್ಯಪ್ ಕೂಡ ಇತ್ತು, ಅದರ ಹೆಸರು ಬೇಡ. ಊರಿನ ವಾಟ್ಸಾಪ್ ಗ್ರೂಪಂತೂ ಮೊದಲಿನಿಂದ ಇದ್ದೇ ಇದೆ, ಬಿಟ್ಟು ಬಂದರೆ ಸಿಟ್ಟಾಗ್ತಾರೆ. ಇವೆಲ್ಲದರ ಎದುರು ನಮ್ಮಪ್ಪ, ಅವನ ಪಂಚಾಂಗ.

ಮಳೆಯ ವಿಷಯ ಮೊದಲು ಹೇಳಿಬಿಡ್ತೀನಿ, ಖುಷ್ಕಿಯಲ್ಲಿ ಬದುಕೋದೇ ಅದರ ಮೇಲೆ.

ಮೇಘದೂತ್ 2019ರಲ್ಲಿ ಬಂದದ್ದು. ಹವಾಮಾನ ಇಲಾಖೆ, ಪುಣೆಯ ಹವಾಮಾನ ಸಂಸ್ಥೆ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸೇರಿ ಮಾಡಿದ ಆ್ಯಪ್. ಮುಂದಿನ ಐದು ದಿನದ ಮಳೆ, ಬಿಸಿಲು, ತೇವ, ಗಾಳಿಯ ವೇಗ, ದಿಕ್ಕು, ಎಲ್ಲ ಅಂಕಿಯಲ್ಲಿ ಕೊಡುತ್ತೆ. ಮಂಗಳವಾರ, ಶುಕ್ರವಾರ ಬೆಳೆವಾರು ಸಲಹೆ ಹೊಸದಾಗುತ್ತೆ, ಕನ್ನಡದಲ್ಲೇ. ನನಗೆ ಇದು ಜಾಸ್ತಿ ಉಪಯೋಗ ಆಗಿದ್ದು ಮಳೆಗಲ್ಲ, ಗಾಳಿಗೆ. ಔಷಧಿ ಹೊಡೆಯುವ ದಿನ ಗಾಳಿ ನೋಡಿಕೊಂಡರೆ ಅರ್ಧ ಔಷಧಿ ಪಕ್ಕದವರ ಹೊಲಕ್ಕೆ ಹೋಗೋದು ತಪ್ಪುತ್ತೆ. ವಾರದ ಕೆಲಸ ಮುಂದಿಟ್ಟುಕೊಂಡು ಆಳುಗಳಿಗೆ ಹೇಳಿಡೋಕೂ ಚೆನ್ನಾಗಿದೆ. ಆದರೆ ಅದು ಹೇಳೋದು ದೊಡ್ಡ ಪ್ರದೇಶಕ್ಕೆ ಒಟ್ಟಾಗಿ. ನಮ್ಮ ಕಡೆ ಕೆರೆಯ ಆಚೆ ಬದಿ ಹೊಯ್ದ ಮಳೆ ಈಚೆ ಬದಿ ಧೂಳೂ ಅಡಗಿಸಲ್ಲ.

ವರುಣಮಿತ್ರ ಬೇರೆ ಥರ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ ಇದು, 92433 45433. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಇದರ ಬಲ ಇರೋದು ಹೊಲದ ಹತ್ತಿರವೇ. ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆ ಮಾಪನಗಳನ್ನು ಇಟ್ಟಿದ್ದಾರೆ. ಅವು ಹದಿನೈದು ನಿಮಿಷಕ್ಕೊಂದು ಸಲ ಲೆಕ್ಕ ಕಳಿಸುತ್ತವೆ. ನಮ್ಮ ಪಂಚಾಯಿತಿ ಕಟ್ಟಡದ ಪಕ್ಕ ಬೇಲಿಯೊಳಗೆ ನಿಂತಿದ್ದ ಆ ಡಬ್ಬಿಯನ್ನು ನಾನು ಎಷ್ಟೋ ವರ್ಷ ಮೊಬೈಲ್ ಕಂಪನಿಯದ್ದು ಅಂದುಕೊಂಡಿದ್ದೆ! ಫೋನ್ ಮಾಡಿದರೆ ಹೋಬಳಿ, ಪಂಚಾಯಿತಿ ಕೇಳ್ತಾರೆ. ಆಮೇಲೆ ನಮ್ಮ ಕಡೆಯದ್ದನ್ನೇ ಹೇಳ್ತಾರೆ.

ನಿಜವಾದ ಪರೀಕ್ಷೆ ಬಂದಿದ್ದು ನವೆಂಬರ್ ಕೊನೆಗೆ. ರಾಗಿ ತೆನೆ ಕಂದಿತ್ತು, ಆಳು ಸಿಕ್ಕಿದ್ದರು. ರಾಗಿ ಕೊಯ್ದ ಮೇಲೆ ಅರಿ, ಅಂದ್ರೆ ಕೊಯ್ದು ಹಾಕಿದ ಪೈರು, ಎರಡು ಮೂರು ದಿನ ಹೊಲದಲ್ಲೇ ಒಣಗಬೇಕು. ಆಮೇಲೆ ಕಂತೆ ಕಟ್ಟಿ ಮೆದೆ ಹಾಕೋದು. ಒಣಗುವಾಗ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ, ಹುಲ್ಲು ಕಪ್ಪು, ದನವೂ ಮೂಸಲ್ಲ. ಟಿವಿಯಲ್ಲಿ ಬಂಗಾಳ ಕೊಲ್ಲಿ ವಾಯುಭಾರ ಕುಸಿತ ಅಂತ ಕೂಗುತ್ತಿದ್ದರು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ತೇಲಿ ಹೋಗ್ತಿರೋ ಕಾರಿನ ವಿಡಿಯೋ ಹಾಕಿದ್ದರು. ಯಾವ ಊರೋ, ಯಾವ ವರ್ಷದ್ದೋ. ಅಪ್ಪ ಮೇಲೆ ನೋಡಿ, "ಅನೂರಾಧ ಮಳೆ, ಬಂದ್ರೂ ಹನಿ ಹಾಕಿ ಹೋಗ್ತದೆ, ಕೊಯ್ಸಿಬಿಡು" ಅಂದ. ಮೇಘದೂತ್ ಮೂರು ದಿನ ಮಳೆ ತೋರಿಸುತ್ತಿತ್ತು.

ವರುಣಮಿತ್ರಕ್ಕೆ ಫೋನ್ ಮಾಡಿದೆ. ನಾಳೆ ಸಂಜೆಯಿಂದ ಎರಡು ದಿನ ಮಳೆ ಇದೆ, ಆಮೇಲೆ ಒಣ ಹವೆ ಅಂದರು. ಹನಿಯಾ, ಜೋರಾ ಅಂತ ಕೇಳಿದೆ. ಸಾಧಾರಣ ಮಳೆ ಅಂದರು. ಇವತ್ತು ಕೊಯ್ದರೆ ಹೇಗೆ ಅಂದೆ. ಅದು ನಿಮ್ಮ ತೀರ್ಮಾನ, ಒಣಗೋಕೆ ಬಿಸಿಲು ಮಾತ್ರ ಸಿಗಲ್ಲ ಅಂದರು. ಕೊಯ್ಲು ನಿಲ್ಲಿಸಿದೆ. ಅಷ್ಟರಲ್ಲಿ ಅಪ್ಪನ ಮಾತು ಕೇಳಿ ಮೂಲೆಯ ಒಂದು ಪಟ್ಟಿ ಕೊಯ್ದಾಗಿತ್ತು. ಆ ಪಟ್ಟಿ ನೆನೆದು ಹೋಯಿತು. ಉಳಿದದ್ದು ನಿಂತೇ ನೆನೆದು, ನಿಂತೇ ಒಣಗಿತು. ಆಳುಗಳಿಗೆ ಮಾತ್ರ ಆ ದಿನದ ಅರ್ಧ ಕೂಲಿ ಕೊಡಬೇಕಾಯಿತು.

ಆ್ಯಪ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಪರದೆಯ ಮೇಲಿನ ಅಂಕಿಯನ್ನು "ಹನಿಯಾ, ಜೋರಾ" ಅಂತ ತಿರುಗಿ ಕೇಳೋಕೆ ಆಗಲ್ಲ.

ರೋಗದ ವಿಷಯದಲ್ಲೂ ಇದೇ ಆಯಿತು. ಆಗಸ್ಟ್‌ನಲ್ಲಿ ಒಂದು ವಾರ ಬಿಡದೆ ಮಳೆ ಹೊಯ್ದ ಮೇಲೆ ಕಡಲೆಕಾಯಿ ಹಳದಿ ತಿರುಗಿತು. ಫೋಟೋ ಆ್ಯಪಿಗೆ ತೋರಿಸಿದೆ. ಮೊದಲ ಫೋಟೋಗೆ ಒಂದು ರೋಗ, ನೆರಳಲ್ಲಿ ತೆಗೆದ ಎರಡನೆಯದಕ್ಕೆ ಇನ್ನೊಂದು ರೋಗ. ಎರಡಕ್ಕೂ ಕೆಳಗೆ ಔಷಧಿ ಹೆಸರು. ಕೊಂಡಿದ್ದರೆ ಸುಮ್ನೆ ದುಡ್ಡು ದಂಡ.

ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿದೆ. 1800-180-1551, ದುಡ್ಡಿಲ್ಲ, ಬೆಳಗ್ಗೆ ಆರರಿಂದ ರಾತ್ರಿ ಹತ್ತು. 2004ರಿಂದ ಇದೆ, ನಮ್ಮೂರಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿಲ್ಲ. ಆ ಕಡೆ ಮಾತಾಡಿದ ಹುಡುಗಿ ಔಷಧಿ ಹೇಳುವ ಮೊದಲು ನನ್ನನ್ನೇ ಪ್ರಶ್ನೆ ಕೇಳಿದಳು. ಹಳದಿ ಆಗಿರೋದು ತುದಿಯ ಎಳೆ ಎಲೆನಾ, ಕೆಳಗಿನ ಹಳೆ ಎಲೆನಾ ಸರ್? ನರ ಹಸಿರಾಗಿ ಉಳಿದಿದೆಯಾ? ಹೊಲದಲ್ಲಿ ಸುಣ್ಣದ ಕಲ್ಲು ಇದೆಯಾ? ಎಲ್ಲದಕ್ಕೂ ಹೌದು, ಎಳೆ ಎಲೆ. ಅದು ರೋಗ ಅಲ್ಲ, ಕಬ್ಬಿಣದ ಕೊರತೆ ಅಂದಳು. ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಎಲೆಗೆ ಹೊಡೀರಿ ಅಂದಳು. ಎರಡು ಸಲ ಹೊಡೆದೆ, ಹಸಿರು ವಾಪಸ್ ಬಂತು. ಫೋಟೋ ಆ್ಯಪುಗಳು ದಂಡ ಅಂತ ನಾನು ಹೇಳಲ್ಲ. ಹುಳುವಿನ ಹೆಸರು ಗೊತ್ತು ಮಾಡ್ಕೊಳ್ಳೋಕೆ ಚೆನ್ನಾಗಿವೆ. ಅದರ ಮಾತಿನ ಮೇಲೆ ಅಂಗಡಿಗೆ ಮಾತ್ರ ಹೋಗಬೇಡಿ.

ರೇಟಿನ ಕಥೆ ಚಿಕ್ಕದು. ಕೃಷಿ ಮಾರಾಟ ವಾಹಿನಿ ಅನ್ನುವ ಸರ್ಕಾರದ ಜಾಲತಾಣದಲ್ಲಿ ಎಲ್ಲ ಎಪಿಎಂಸಿ ದರ ಸಿಗುತ್ತೆ. ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಇರುತ್ತೆ. ನೋಡಬೇಕಾದ್ದು ಮಾದರಿ ದರ, ಜಾಸ್ತಿ ಮಾಲು ಹೋಗಿರೋದು ಅದರ ಆಸುಪಾಸಿನಲ್ಲಿ. ವಾಟ್ಸಾಪ್ ಗ್ರೂಪಿಗೆ ಯಾವಾಗಲೂ ಗರಿಷ್ಠ ದರವೇ ಬರುತ್ತೆ, ಅದನ್ನು ನೋಡಿ ಚಳ್ಳಕೆರೆಗೆ ಗಾಡಿ ಕಟ್ಟಿಸಿಕೊಂಡು ಹೋದವರು ಬಾಡಿಗೆ ಲೆಕ್ಕ ಹಾಕುತ್ತಾ ವಾಪಸ್ ಬಂದಿದ್ದಾರೆ. ನಾನೂ ಒಂದು ಸಲ.

ಆದರೂ ವಾಟ್ಸಾಪ್ ಗ್ರೂಪನ್ನು ಪೂರ್ತಿ ಬೈಯೋಕೆ ಮನಸ್ಸಿಲ್ಲ. ಕಣದಲ್ಲಿ ಕಡಲೆಕಾಯಿ ಹರಡಿದ್ದಾಗ ಪಡುವಲ ಹಳ್ಳಿಯವನೊಬ್ಬ "ಶುರು ಆಯ್ತು, ಮುಚ್ಕಳ್ರಪ್ಪ" ಅಂತ ವಾಯ್ಸ್ ಹಾಕಿದ. ಟಾರ್ಪಾಲು ಎಳೆಯೋಕೆ ಇಪ್ಪತ್ತು ನಿಮಿಷ ಸಿಕ್ಕಿತು. ಅಷ್ಟು ಬೇಗ ಬೇರೆ ಯಾರೂ ಹೇಳಲಿಲ್ಲ.

ಈ ವರ್ಷ ಫೋಟೋ ಆ್ಯಪ್ ತೆಗೆದುಹಾಕಿದ್ದೀನಿ. ಮೇಘದೂತ್ ಇಟ್ಟುಕೊಂಡಿದ್ದೀನಿ. ಅಪ್ಪನ ಹತ್ತಿರ ಇರೋದು ಗುಂಡಿಯ ಫೋನು, ಅದರಲ್ಲಿ ಆ್ಯಪ್ ಹಿಡಿಯಲ್ಲ. ವರುಣಮಿತ್ರದ ನಂಬರನ್ನು ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಿದ್ದಾನೆ. ಮೊನ್ನೆ ಅವನು ಫೋನಿನಲ್ಲಿ ಮಾತಾಡ್ತಿದ್ದದ್ದು ಕೇಳಿಸಿತು: "ಆರಿದ್ರಾ ಮಳೆ ಹೆಂಗದೆ ಸ್ವಾಮಿ ನಮ್ ಕಡೀಕೆ?"